ಹಿಸ್ಸೆಯಲ್ಲಿ ಹೋದ ಹೆಡರ್ ಫೈಲು

ಶಿರಸಿ ಪೇಟೆಯಲ್ಲಿ ಕಂಪ್ಯೂಟರ್ ಹೆಗಡೆ ಎಂದರೆ ನನ್ನ ಭಾವ ವೆಂಕಟ್ರಮಣ ಹೆಗಡೆ. ಈ ಬಿರುದನ್ನು ಯಾವ ಸಂಘ ಸಂಸ್ಥೆಯೂ ಕೊಟ್ಟದ್ದಲ್ಲ. ಅವನೇ ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿ, ಕಂಡಕಂಡವರಿಗೆ ಹಂಚಿ, ನಿಧಾನಕ್ಕೆ ಊರಿಗೆ ರೂಢಿ ಮಾಡಿಸಿದ. ನಾನು ಅವನ ಹೆಂಡತಿಯ ಅಣ್ಣ. ಬಸ್‌ಸ್ಟ್ಯಾಂಡ್ ಎದುರು ಛತ್ರಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ನನಗೂ ಕಂಪ್ಯೂಟರಿಗೂ ಇರುವ ಸಂಬಂಧ ಇಷ್ಟೇ: ನನ್ನ ಬಳಿ ಒಂದು ಎಂ-೮೦ ಗಾಡಿ ಇದೆ, ಭಾವನಿಗೆ ಕಂಪ್ಯೂಟರಿನ ತೊಂದರೆ ಬಂದಾಗಲೆಲ್ಲ ಅದರ ಹಿಂದಿನ ಸೀಟು ಬೇಕಾಗುತ್ತದೆ.

ಈ ಗಡಿಬಿಡಿ ನಡೆದದ್ದು ೨೦೦೩ರ ಮೇ ತಿಂಗಳಲ್ಲಿ. ಭಾವನ ಮಗಳು ಗಗನಾಳ ಮದುವೆ ಗುರುವಾರಕ್ಕೆ ನಿಶ್ಚಯವಾಗಿತ್ತು. ಅದರ ಹಿಂದಿನ ಶುಕ್ರವಾರ ಸಂಜೆ ಸಿದ್ದಾಪುರ ತಾಲೂಕಿನ ನಿಲ್ಕುಂದದಿಂದ ಸುದ್ದಿ ಬಂತು. ದೇವರು ಹೆಗಡೆಯವರು ತೀರಿಕೊಂಡರಂತೆ. ದೇವರು ಹೆಗಡೆಯವರು ಭಾವನ ಕುಟುಂಬದ ದೂರದ ದಾಯಾದಿ. ಎಷ್ಟು ದೂರವೆಂದರೆ, ಹೆಸರು ಎಲ್ಲರಿಗೂ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ.

ನಮ್ಮವರಲ್ಲಿ ಸಾವಿನ ಸುದ್ದಿ ಬಂದರೆ ಕಣ್ಣೀರಿಗಿಂತ ಮೊದಲು ಬರುವುದು ಲೆಕ್ಕ. ಏಳು ತಲೆಮಾರಿನೊಳಗಿನ ದಾಯಾದಿಯಾದರೆ ಹತ್ತು ದಿನ ಸೂತಕ. ಎಂಟನೆಯದಾದರೆ ಮೂರೇ ದಿನ. ಮೂರು ದಿನವಾದರೆ ಸೋಮವಾರಕ್ಕೆ ಮುಗಿಯಿತು, ಮಿಂದು ಮದುವೆ ಮಾಡಬಹುದು. ಹತ್ತು ದಿನವಾದರೆ ಮದುವೆ ಇಲ್ಲ. ದೇವರು ಹೆಗಡೆ ಏಳನೆಯವರೋ ಎಂಟನೆಯವರೋ ಎಂಬುದು ಆ ಸಂಜೆ ಮನೆಯಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ.

ಪುರೋಹಿತ ಭಟ್ಟರು ಬಂದು ಜಗುಲಿಯಲ್ಲಿ ಕುಳಿತರು. "ಬುಧವಾರ ಸಂಜೆ ನಾಂದಿ. ನಾಂದಿ ಇಟ್ಟಮೇಲೆ ಸೂತಕ ತಾಗ್ತಿಲ್ಲೆ. ಅದ್ರೊಳಗೆ ಯಂಗೆ ಗೊತ್ತಾಗವು, ಏಳಾ ಎಂಟಾ ಹೇಳಿ" ಎಂದು ಗಡುವು ಕೊಟ್ಟರು.

ಅಷ್ಟರಲ್ಲಿ ಸೋಂದಾದ ಬೀಗರ ಫೋನು. ಅವರು ಸೂತಕದ ವಿಷಯದಲ್ಲಿ ಸುಪ್ರೀಂ ಕೋರ್ಟಿಗಿಂತ ಕಟ್ಟುನಿಟ್ಟು. ಸಂದೇಹವಿಟ್ಟುಕೊಂಡು ಧಾರೆ ಎರೆಸಿಕೊಳ್ಳುವುದಿಲ್ಲ, ಮುಂದೂಡುವುದಾದರೆ ತಮ್ಮ ಕೈಯಲ್ಲಿ ಬೇರೊಂದು ಜಾತಕವೂ ಇದೆ ಎಂದು ಮೃದುವಾಗಿ ತಿಳಿಸಿದರು. ಗಗನಾ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಆ ಹುಡುಗನನ್ನು ಅವಳು ಮನಸಾರೆ ಒಪ್ಪಿದ್ದಳು. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು, ಆದ್ದರಿಂದ ಯಾರೂ ಅವಳ ಮುಖ ನೋಡಲಿಲ್ಲ.

ಭಾವ ಮಾತ್ರ ಚಾ ಲೋಟ ಹಿಡಿದುಕೊಂಡು ಅಂಗಳದಲ್ಲಿ ಸುತ್ತುತ್ತಿದ್ದ. ಅವನಿಗೆ ಕೂತು ಚಾ ಕುಡಿದು ಅಭ್ಯಾಸವಿಲ್ಲ. ಸುತ್ತುವುದನ್ನು ನಿಲ್ಲಿಸಿ ಅವನು ಘೋಷಿಸಿದ:

"ಇದ್ಕೆಲ್ಲ ತಲೆಬಿಸಿ ಎಂತಕ್ಕೆ? ಕಂಪ್ಯೂಟರ್ ಹೇಳ್ತು. ಐದು ನಿಮಿಷದ ಕೆಲಸ."

ಈ ಐದು ನಿಮಿಷದ ಹಿಂದೆ ಹತ್ತು ವರ್ಷದ ಕಥೆಯಿದೆ. ೧೯೯೩ರಲ್ಲಿ ವೆಂಕಟ್ರಮಣ ಮತ್ತು ಅವನ ತಮ್ಮ ಅನಂತಮೂರ್ತಿ ಒಟ್ಟಿಗಿದ್ದರು. ಆ ವರ್ಷ ಕಾಳುಮೆಣಸಿಗೆ ಒಳ್ಳೆ ಧಾರಣೆ ಬಂದ ಖುಷಿಯಲ್ಲಿ ಹುಬ್ಬಳ್ಳಿಯಿಂದ ಒಂದು ಕಂಪ್ಯೂಟರ್ ತಂದರು. ತಂದ ಮೇಲೆ ಅದನ್ನು ಏನು ಮಾಡುವುದೆಂದು ಯೋಚಿಸಿದರು. ಭಾವ ರವಿವಾರ ರವಿವಾರ ಹುಬ್ಬಳ್ಳಿಗೆ ಹೋಗಿ ಸಿ ಭಾಷೆ ಕಲಿತು ಬಂದ. ಕಲಿತವನು ಬರೆದ ಮೊದಲ ಪ್ರೋಗ್ರಾಮು ಪರದೆಯ ಮೇಲೆ ನಮಸ್ಕಾರ ಹೇಳುತ್ತಿತ್ತು. ಎರಡನೆಯದೇ ಸೂತಕ ನಿರ್ಣಯ. ಸತ್ತವರ ಹೆಸರು, ಕೇಳುವವರ ಹೆಸರು ಒತ್ತಿದರೆ, ಎಷ್ಟನೇ ತಲೆಮಾರು, ಎಷ್ಟು ದಿನ ಸೂತಕ ಎಂದು ಬರುತ್ತಿತ್ತು. ಹತ್ತು ದಿನವಾದರೆ ಯಂತ್ರ ಉದ್ದಕ್ಕೆ ಊಳಿಡುತ್ತಿತ್ತು. ಮೂರು ದಿನವಾದರೆ ಗಿಡ್ಡಕ್ಕೆ. ಪಕ್ಕದಲ್ಲಿ ಒಂದು ದೀಪದ ಚಿತ್ರ ಮಿಣುಮಿಣು ಉರಿಯುತ್ತಿತ್ತು.

ಆ ಪ್ರೋಗ್ರಾಮಿಗೆ ಬೇಕಾದ ಹೆಸರುಗಳನ್ನು ತಂದವನು ಅನಂತಮೂರ್ತಿ. ಅವನು ಒಂದು ವರ್ಷ ದಾಯಾದಿಗಳ ಮನೆಮನೆ ತಿರುಗಿ, ಕಿವಿ ಕೇಳದ ಮುದುಕರ ಎದುರು ಕೂತು, ಯಾರ ಮಗ ಯಾರು ಎಂದು ಕೂಗಿ ಕೂಗಿ ಕೇಳಿ ಬರೆದುಕೊಂಡಿದ್ದ. ನಿಲ್ಕುಂದದವರ ಕವಲನ್ನೂ ಅದೇ ಮುದುಕರು ಹೇಳಿ ಬರೆಸಿದ್ದರು. ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿಸಿದ ದಿನ ಭಾವ ಆ ಕಾಗದದ ಕಟ್ಟನ್ನು ಒಯ್ದು ಬಚ್ಚಲ ಒಲೆಗೆ ಹಾಕಿದ. "ಇನ್ನು ಕಾಗದ ಎಂತಕ್ಕೆ? ಎಲ್ಲ ಒಳಗಿದ್ದಲ" ಎಂದಿದ್ದನಂತೆ. ಆ ದಿನ ನೀರು ಚೆನ್ನಾಗಿ ಕಾದಿತ್ತು ಎಂದು ನನ್ನ ತಂಗಿ ಈಗಲೂ ಹೇಳುತ್ತಾಳೆ.

ಶನಿವಾರ ಬೆಳಿಗ್ಗೆ ಭಾವ, ನಾನು, ಪುರೋಹಿತ ಭಟ್ಟರು, ಸೋದರತ್ತೆಯರಿಬ್ಬರು, ಮತ್ತು ಏನಾಗುತ್ತದೆಂದು ನೋಡಲು ಬಂದ ಪಕ್ಕದ ಮನೆಯವರು ಮೆರವಣಿಗೆಯಾಗಿ ಪೇಟೆಯ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಹೋದೆವು. ಭಾವನ ಕೈಯಲ್ಲಿ ಒಂದು ಫ್ಲಾಪಿ ಇತ್ತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದು ಯಾರೆಂದು ಗೊತ್ತಾಗಲಿಲ್ಲ. ಅಲ್ಲಿ ಪಾಠ ಹೇಳುವ ಹುಡುಗಿ ನಮಿತಾ ಅದನ್ನು ತನ್ನ ಚೂಡಿದಾರದ ಅಂಚಿನಿಂದ ಒರೆಸಿ ಯಂತ್ರಕ್ಕೆ ತೂರಿಸಿದಳು. ಏನೋ ಒಂದು ಸಾಲು ಬರೆದು ಗುಂಡಿ ಒತ್ತಿದಳು.

ಪರದೆಯ ತುಂಬ ಸಾಲುಸಾಲಾಗಿ ಅಕ್ಷರ ಇಳಿಯತೊಡಗಿತು.

"ಬಂತು ನೋಡು, ವಂಶಾವಳಿ!" ಎಂದು ದೊಡ್ಡ ಸೋದರತ್ತೆ ಕೈಮುಗಿದಳು.

"ವಂಶಾವಳಿ ಅಲ್ಲ ಅಮ್ಮ, ತಪ್ಪುಗಳು. ಪ್ರೋಗ್ರಾಮ್ ಕಂಪೈಲ್ ಆಗ್ತಾ ಇಲ್ಲ, ಯಂತ್ರದ ಭಾಷೆಗೆ ತಿರುಗ್ತಾ ಇಲ್ಲ" ಎಂದಳು ನಮಿತಾ.

ಭಟ್ಟರು ಕನ್ನಡಕ ಸರಿಮಾಡಿಕೊಂಡು ಪರದೆಯತ್ತ ಬಗ್ಗಿದರು. "ಇಷ್ಟೊಂದು ದೋಷವಾ? ಇದ್ಕೆ ಎಂತಾದ್ರೂ ಶಾಂತಿ ಮಾಡ್ಸವು."

"ಇಷ್ಟೂ ಬೇರೆ ಬೇರೆ ಅಲ್ಲ ಭಟ್ಟರೇ. ಮೇಲಿಂದ ಒಂದೊಂದೇ ನೋಡೋಣ. ಇಲ್ಲಿದೆ ನೋಡಿ, conio.h ಅನ್ನೋ ಹೆಡರ್ ಫೈಲ್, ಅಂದ್ರೆ ಪ್ರೋಗ್ರಾಮ್ ಮೊದಲಿಗೇ ಸೇರಿಸಿಕೊಳ್ಳೋ ಇನ್ನೊಂದು ಫೈಲ್, ಇಲ್ಲ ಅಂತಿದೆ."

ಭಾವ ಕುರ್ಚಿಯಿಂದ ಎದ್ದ. "ಇಲ್ಲೆ ಅಂದ್ರೆ? ಹಳೇ ಕಂಪ್ಯೂಟರಲ್ಲಿ ಇತ್ತು. ನೀವೇ ಎಲ್ಲೋ ಕಳೆದಿರವು."

"ನಿಮ್ಮದು ಹಳೇ ಟರ್ಬೊ ಕಂಪೈಲರ್‌ನಲ್ಲಿ ಬರೆದಿದ್ದು ಸರ್. ನಮ್ಮಲ್ಲಿ ಈಗ ಲಿನಕ್ಸ್ ಹಾಕಿದ್ದಾರೆ. ಆ ಫೈಲು ಟರ್ಬೊ ಜೊತೆ ಬರ್ತಿತ್ತು, ಇದರ ಜೊತೆ ಬರಲ್ಲ. ಪರದೆ ಒರೆಸೋಕೆ, ಯಾರಾದರೂ ಕೀ ಒತ್ತೋವರೆಗೆ ಕಾಯೋಕೆ, ಅಷ್ಟಕ್ಕೇ ಅದು ಬೇಕಾಗಿದ್ದು. ತೆಗೆದುಬಿಡ್ತೀನಿ."

ಅವಳು ಆ ಸಾಲನ್ನೂ ಅದಕ್ಕೆ ಸೇರಿದ ನಾಲ್ಕಾರು ಸಾಲನ್ನೂ ಅಳಿಸಿ ಮತ್ತೆ ಗುಂಡಿ ಒತ್ತಿದಳು. ತಪ್ಪಿನ ರಾಶಿ ಅರ್ಧಕ್ಕೆ ಇಳಿಯಿತು. ಶಾಂತಿ ಹೋಮವಿಲ್ಲದೆ ಅಷ್ಟು ದೋಷ ಪರಿಹಾರವಾದದ್ದು ಭಟ್ಟರಿಗೆ ಅಷ್ಟು ಸರಿ ಕಾಣಲಿಲ್ಲ. ಮುಂದೆ dos.h. ಅದು ಊಳಿಡುವುದಕ್ಕೆ ಇಟ್ಟದ್ದು. ಅದೂ ಹೋಯಿತು. ಆಮೇಲೆ graphics.h.

"ಇದು ದೀಪದ್ದು. ಇದ್ನ ತೆಗೆಯಡಿ" ಎಂದ ಭಾವ.

"ದೀಪ ಇಲ್ಲದಿದ್ರೂ ಲೆಕ್ಕ ಬರುತ್ತೆ ಸರ್."

"ಸತ್ತವರ ಹೆಸರಿನ ಎದುರು ದೀಪ ಇಲ್ಲದೆ ಹೆಂಗೆ? ಎಂತ ಭಟ್ರೇ?"

ಭಟ್ಟರು ಶಾಸ್ತ್ರದಲ್ಲಿ ಕಂಪ್ಯೂಟರ್ ದೀಪದ ಉಲ್ಲೇಖವನ್ನು ಹುಡುಕುತ್ತಿರುವಾಗಲೇ ನಮಿತಾ ಅದನ್ನು ಅಳಿಸಿದಳು. ಈಗ ಪರದೆಯ ಮೇಲೆ ಒಂದೇ ಹೆಡರ್ ಫೈಲಿನ ತಪ್ಪು ಉಳಿಯಿತು. vamsha.h, ಅಂಥ ಫೈಲು ಇಲ್ಲ.

"ಇದನ್ನೂ ಅಳಿಸಿಬಿಡು ತಂಗಿ, ಮುಗ್ದೋಗ್ಲಿ" ಎಂದಳು ಸಣ್ಣ ಸೋದರತ್ತೆ.

"ಇದನ್ನ ಅಳಿಸೋಕೆ ಬರಲ್ಲ ಅಮ್ಮ. ಮೊದಲಿನ ಮೂರೂ ಕಂಪೈಲರ್ ಮನೆಯದು. ಇದು ನಿಮ್ಮ ಮನೆಯದು. ಸರ್ ಅವರೇ ಬರೆದುಕೊಂಡಿದ್ದು. ಹೆಸರೆಲ್ಲ ಅದರಲ್ಲೇ ಇರಬೇಕು. ಎಲ್ಲಿದೆ ಸರ್?"

ಎಲ್ಲರೂ ಭಾವನ ಕಡೆ ತಿರುಗಿದರು. ಭಾವ ತಲೆಯ ಮೇಲಿನ ಫ್ಯಾನು ನೋಡಿದ. ಕಿಟಕಿ ನೋಡಿದ. ಕೊನೆಗೆ ನನ್ನನ್ನು ನೋಡಿದ, ನಾನೇ ಅದನ್ನು ಛತ್ರಿಯೊಳಗೆ ಬಚ್ಚಿಟ್ಟಿದ್ದೇನೆ ಎಂಬಂತೆ.

"ಹಿಸ್ಸೆಲಿ ಹೋತು" ಎಂದ.

೧೯೯೬ರಲ್ಲಿ ಅಣ್ಣತಮ್ಮಂದಿರು ಬೇರೆಯಾದರು. ಯಾಕೆಂದು ಇಬ್ಬರಿಗೂ ಈಗ ಸರಿಯಾಗಿ ನೆನಪಿಲ್ಲ, ಆದರೆ ಸಿಟ್ಟು ಮಾತ್ರ ಹೊಚ್ಚ ಹೊಸದಾಗಿಯೇ ಇದೆ. ಹಿಸ್ಸೆ ಮಾಡಿದ ಪಂಚರಲ್ಲಿ ಮುಖ್ಯರು ಸಿದ್ದಾಪುರದ ಬಸಪ್ಪ ಶೆಟ್ಟರು. ಬನವಾಸಿ ಕಡೆಯಿಂದ ಬಂದು ಸಿದ್ದಾಪುರದಲ್ಲಿ ಜವಳಿ ಅಂಗಡಿ ಹಾಕಿದವರು, ನ್ಯಾಯಕ್ಕೆ ಹೆಸರಾದವರು. ಹಂಚದೆ ಬಿಟ್ಟ ವಸ್ತು ಮುಂದೆ ಕೋರ್ಟಿಗೆ ಹೋಗುತ್ತದೆ ಎಂಬುದು ಅವರ ನಂಬಿಕೆ. ಹಾಗಾಗಿ ಹಂಡೆ, ಕೊಳಗ, ಕೊಡಪಾನ ಎಲ್ಲವನ್ನೂ ಸರಿಸಮ ಮಾಡಿದರು. ಕಂಪ್ಯೂಟರಿನ ಸರದಿ ಬಂದಾಗ ಮಾನಿಟರ್ ಅಣ್ಣನಿಗೆ, ಸಿಪಿಯು ತಮ್ಮನಿಗೆ ಎಂದರು. ಫ್ಲಾಪಿ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಇಸ್ಪೀಟು ಎಲೆ ಹಾಕುವಂತೆ ಒಂದು ಈಕಡೆ, ಒಂದು ಆಕಡೆ ಹಾಕುತ್ತ ಹೋದರು. ಇಬ್ಬರೂ ಎಣಿಸಿ ನೋಡಿ ಸಹಿ ಹಾಕಿದರು. ತಮ್ಮ ಸಿಪಿಯು ಹೊತ್ತುಕೊಂಡು ಯಲ್ಲಾಪುರಕ್ಕೆ ಹೋದ. ಮೊದಲ ಮಳೆಗಾಲದಲ್ಲೇ ಅದಕ್ಕೆ ತುಕ್ಕು ಹಿಡಿಯಿತು. ಇಲ್ಲಿ ಅಣ್ಣ ಮಾನಿಟರಿನ ಮೇಲೆ ಕ್ರೋಶಾ ಬಟ್ಟೆ ಹಾಸಿ ಟೆಲಿಫೋನ್ ಇಟ್ಟುಕೊಂಡ. ಲೆಕ್ಕ ಮಾಡುವ ಫ್ಲಾಪಿ ಶಿರಸಿಯಲ್ಲಿ, ಹೆಸರಿರುವ ಫ್ಲಾಪಿ ಯಲ್ಲಾಪುರದಲ್ಲಿ. ಏಳು ವರ್ಷದಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

"ತಮ್ಮಂಗೆ ಫೋನ್ ಮಾಡ ಭಾವ" ಎಂದೆ ನಾನು.

"ಆನು ಮಾಡ್ತ್ನಿಲ್ಲೆ. ತಪ್ಪು ಹಂಚಿದ್ದು ಪಂಚರು. ಅವೇ ಸರಿ ಮಾಡವು. ಗಾಡಿ ತೆಗೆ."

ರವಿವಾರ ಬೆಳಿಗ್ಗೆ ಸಿದ್ದಾಪುರದ ಹಾದಿಯಲ್ಲಿ ಭಾವ ನನ್ನ ಬೆನ್ನ ಹಿಂದೆ ಒಂದು ಕ್ಷಣ ಸುಮ್ಮನೆ ಕೂರಲಿಲ್ಲ. ತಿರುವು ಬಂದಾಗಲೆಲ್ಲ ಗಾಡಿ ತನ್ನಿಂದಲೇ ತಿರುಗಬೇಕೆಂಬಂತೆ ಬಾಗುತ್ತಿದ್ದ. ಎರಡು ಕಡೆ ನಾವು ಗಟಾರಕ್ಕೆ ಹೋಗಿ ಬಂದೆವು.

"ಬರ್ರಿ ಹೆಗಡೇರ, ಕುಂದರ್ರಿ" ಎಂದು ಬಸಪ್ಪ ಶೆಟ್ಟರು ಗಾದಿ ತೋರಿಸಿದರು. ಭಾವ ಕುಂದರಲಿಲ್ಲ. ಸೀರೆ ಕಪಾಟಿನ ಎದುರು ಅತ್ತಿಂದಿತ್ತ ನಡೆಯುತ್ತ ಕಂಪೈಲರು, ಹೆಡರ್ ಫೈಲು, ಸೂತಕ, ನಾಂದಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಶೆಟ್ಟರು ಕಣ್ಣು ಮುಚ್ಚಿ ಕೇಳಿದರು.

"ಅಂದ್ರ, ಒಂದರಾಗ ಲೆಕ್ಕ ಐತಿ, ಇನ್ನೊಂದರಾಗ ಹೆಸರು ಅದಾವು. ಎರಡೂ ಕೂಡಿದ್ರನ ನಡೀತದ. ಹೌದಿಲ್ರಿ?"

"ಹೌದು."

"ಹಂಗಾರ ಅದು ಬಾವಿ ಇದ್ದಂಗ್ರಿ. ಮನಿ ಹಂಚಬಹುದು, ಹೊಲ ಹಂಚಬಹುದು. ಬಾವಿ ಹಂಚಾಕ ಬರಂಗಿಲ್ಲ, ಇಬ್ಬರೂ ಸೇದಿಕೋಬೇಕು. ಆ ಡಬ್ಬಿಯೊಳಗ ಬಾವಿ ಐತಿ ಅಂತ ಆವತ್ತ ನೀವು ಹೇಳಬೇಕಾಗಿತ್ತು. ನಾ ಏನ್ ಮಾಡ್ಲಿ, ನನಗ ಎಲ್ಲಾ ಕರೀ ಬಿಲ್ಲಿ ಕಂಡ್ವು."

ಭಾರತದ ಯಾವ ನ್ಯಾಯಾಲಯವೂ ಹೆಡರ್ ಫೈಲಿನ ಮೇಲೆ ಇಷ್ಟು ಸ್ಪಷ್ಟವಾದ ತೀರ್ಪು ಕೊಟ್ಟಿರಲಿಕ್ಕಿಲ್ಲ. ಶೆಟ್ಟರು ಅಲ್ಲಿಂದಲೇ ಯಲ್ಲಾಪುರಕ್ಕೆ ಫೋನು ಹಚ್ಚಿದರು. ಅವರು ಮಾತಾಡುತ್ತ ಹೋದಂತೆ ಮುಖ ಚಿಕ್ಕದಾಯಿತು. ಕೊನೆಗೆ ಫೋನಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ಭಾವನನ್ನು ಕೇಳಿದರು:

"ತಮ್ಮಗ ಮಗಳ ಮದಿವಿ ಕರೆಯಾಕ ಹೋಗಿಲ್ಲಂತಲ್ರಿ ನೀವು?"

"ಕಾಗದ ಕಳ್ಸಿದ್ನಲ."

"ಟಪಾಲಿನ್ಯಾಗ ಕಳಿಸೀರಂತ. ಮ್ಯಾಲ ಹೆಸರು ಸುದ್ದಾ ಕೈಲೆ ಬರೆದಿಲ್ಲಂತ, ಅಚ್ಚು ಹಾಕಿದ ಚೀಟಿ ಅಂಟಿಸೀರಂತ."

ನನಗೆ ನಾಚಿಕೆಯಾಯಿತು. ನಮ್ಮಲ್ಲಿ ಸ್ವಂತ ತಮ್ಮನನ್ನು ಮದುವೆಗೆ ಕರೆಯುವುದೆಂದರೆ ಗಂಡಹೆಂಡಿರು ಅವನ ಮನೆಗೆ ಹೋಗಿ, ಅಕ್ಷತೆ ಕೊಟ್ಟು, ಊಟ ಮಾಡಿ ಬರುವುದು. ಅಂಚೆಯಲ್ಲಿ ಬಂದ ಕಾಗದವನ್ನು ಕರೆಯೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಭಾವ ಸೀರೆ ಕಪಾಟಿನ ಕಡೆ ತಿರುಗಿ ನಿಂತು, "ವಿಳಾಸ ಎಲ್ಲ ಕಂಪ್ಯೂಟರಲ್ಲಿ ಒಟ್ಟಿಗೇ ತೆಗ್ಸಿದ್ದಿ. ಅವಂದೂ ಬಂತು" ಎಂದ.

ಶೆಟ್ಟರು ಮತ್ತೆ ಫೋನಿಗೆ ಕಿವಿಕೊಟ್ಟು, ಇಟ್ಟರು. "ಕೊಡ್ತಾನಂತ್ರಿ. ಕಾಗದ ಹೆಂಗ ಬಂತೋ ಹಂಗ ಬಿಲ್ಲೀನೂ ಬರತೈತಿ ಅಂದ."

ಅನಂತಮೂರ್ತಿ ಮಾತಿಗೆ ತಪ್ಪುವವನಲ್ಲ. ಮಂಗಳವಾರ ಅಂಚೆಯಣ್ಣ ಫ್ಲಾಪಿಯನ್ನು ತಂದು ಭಾವನ ಕೈಗೆ ಕೊಟ್ಟ. ಕವರಿಲ್ಲ, ರಟ್ಟಿಲ್ಲ. ಅಣ್ಣ ಅಂಟಿಸಿ ಕಳಿಸಿದ್ದ ಅದೇ ಬಗೆಯ ವಿಳಾಸದ ಚೀಟಿ ಫ್ಲಾಪಿಯ ಒಂದು ಬದಿಗೆ. ಇನ್ನೊಂದು ಬದಿಗೆ, ತಗಡಿನ ಬಾಗಿಲು ತೆರೆಯದ ಹಾಗೆ, ಸಾಲಾಗಿ ಸ್ಟ್ಯಾಂಪು. ಸ್ಟ್ಯಾಂಪು ಹಚ್ಚಿದ ಮೇಲೆ ಠಸ್ಸೆ ಬೀಳಲೇಬೇಕಲ್ಲ, ಅದು ಯಥಾಪ್ರಕಾರ ಬಿದ್ದಿತ್ತು.

ನಮಿತಾ ನೀರು ಹಚ್ಚಿ ಸ್ಟ್ಯಾಂಪು ಬಿಡಿಸಿದಳು. ತಗಡಿನ ಬಾಗಿಲು ಸ್ಟ್ಯಾಂಪಿನ ಜೊತೆಯಲ್ಲೇ ಕಿತ್ತು ಬಂತು. ಒಳಗಿನ ಕಪ್ಪು ಬಿಲ್ಲೆ ಮಡಚಿಕೊಂಡು ಗೋಂದಿನಲ್ಲಿ ಅಂಟಿತ್ತು. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, ಭಾವನ ಎದುರು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು.

"ಇದು ಇನ್ನು ಓದಲ್ಲ ಸರ್."

ಬೀಗರಿಂದ ಮತ್ತೆ ಫೋನು. ಭಟ್ಟರಿಂದ ಫೋನು. ಮಂಟಪದವನಿಂದ ಫೋನು, ಚಪ್ಪರ ಕಟ್ಟಬೇಕೋ ಬೇಡವೋ ಎಂದು. ಭಾವ ಒಬ್ಬರಿಗೂ ನೆಟ್ಟಗೆ ಉತ್ತರ ಕೊಡದೆ, "ಲಾಸ್ಟ್ ಎರರ್ ಒಂದೇ ಬಾಕಿ" ಎನ್ನುತ್ತಿದ್ದ. ಗಗನಾ ಒಳಗಿಂದ ಬಂದು, ಸುತ್ತುತ್ತಿದ್ದ ಅಪ್ಪನ ದಾರಿಗೆ ಅಡ್ಡ ನಿಂತಳು.

"ಅಪ್ಪಯ್ಯ, ಯಂಗೆ ಹೆದ್ರಿಕೆ ಆಗ್ತು. ಮದುವೆ ಆಗ್ತಾ ಇಲ್ಯಾ ಹೇಳಿ ಯಾರಾದ್ರೂ ಮನುಷ್ಯರ ಹತ್ರ ಕೇಳು. ಆ ಮಷಿನ್ ಹತ್ರ ಕೇಳಡ."

ಭಾವ ಅವಳನ್ನು ಬಳಸಿ ಹೋಗಿ ಮತ್ತೆ ಸುತ್ತತೊಡಗಿದ.

ಅನಂತಮೂರ್ತಿಗೆ ನಾನೇ ಫೋನ್ ಮಾಡಿದೆ. ಫ್ಲಾಪಿ ಹಾಳಾಯಿತು ಎಂದೆ. "ಪೂರ್ತಿಯಾ?" ಎಂದ. "ಪೂರ್ತಿ" ಎಂದೆ. "ಆ ಮುದುಕರು ಒಬ್ರ್ಯಾರೂ ಈಗ ಇಲ್ಲೆ ಭಾವ" ಎಂದು ಇಟ್ಟುಬಿಟ್ಟ. ಮಧ್ಯಾಹ್ನದ ಬಸ್ಸಿನಿಂದ ಶಿರಸಿಯಲ್ಲಿ ಇಳಿದು ನೇರ ಕಂಪ್ಯೂಟರ್ ಕೇಂದ್ರಕ್ಕೇ ಬಂದ; ಭಾವ, ಭಟ್ಟರು, ಸೋದರತ್ತೆಯರು ಆಗಲೇ ಮತ್ತೆ ಅಲ್ಲಿ ಸೇರಿದ್ದರು. ಏಳು ವರ್ಷದ ನಂತರ ಅಣ್ಣನಿಗೆ ಅವನು ಆಡಿದ ಮೊದಲ ಮಾತು ಇದು:

"ಸರ್ಕ, ಆನು ಟೈಪ್ ಮಾಡ್ತೆ."

ಒಂದು ಕುರ್ಚಿಯಲ್ಲಿ ಅರ್ಧರ್ಧ ಕೂತು ಇಬ್ಬರೂ vamsha.h ಅನ್ನು ನೆನಪಿನಿಂದ ಹೊಸದಾಗಿ ಬರೆಯತೊಡಗಿದರು. ತಮ್ಮನಿಗೆ ಯಾರು ಯಾರ ಮಗ ಎಂಬುದು ನೆನಪಿತ್ತು. ಅಣ್ಣನಿಗೆ ಅದನ್ನು ಹೇಗೆ ಬರೆಯಬೇಕೆಂಬುದು ನೆನಪಿತ್ತು. ಸ್ವಲ್ಪ ಹೊತ್ತು ಎಲ್ಲ ಸುಸೂತ್ರ ನಡೆಯಿತು. ಆಮೇಲೆ ಅನಂತಮೂರ್ತಿ ಒಂದು ಹೆಸರಿನ ಮುಂದೆ ಎರಡು ಎಂದು ಹಾಕಿದ.

"ಎಂತ ಅದು?" ಎಂದ ಭಾವ.

"ಎರಡನೇ ವೆಂಕಟ್ರಮಣ. ಹಳೇ ಫೈಲಲ್ಲಿ ಆನು ಎಲ್ಲರಿಗೂ ನಂಬರ್ ಹಾಕಿದ್ದಿ."

"ಅಜ್ಜಂಗೆ ನಂಬರ್ ಹಾಕದಾ? ಅಜ್ಜ ಎಂತ ಕೈದಿಯಾ? ತೆಗೆ ಅದ್ನ."

"ನಂಬರ್ ಇಲ್ಲದೆ ಆಗ್ತಿಲ್ಲೆ ಅಣ್ಣ."

"ಪ್ರೋಗ್ರಾಮ್ ಬರೆದಂವ ಯಾರು? ಆನಾ ನೀನಾ?"

ತಮ್ಮ ಹಲ್ಲು ಕಚ್ಚಿ ನಂಬರು ತೆಗೆದ. ನಮಿತಾ ಏನೋ ಹೇಳಲು ಬಾಯಿ ತೆರೆದಳು. ಭಾವ ಆಗಲೇ ಅವಳ ಕೈ ಸರಿಸಿ ಗುಂಡಿ ಒತ್ತಿದ್ದ. ಪರದೆ ಖಾಲಿ. ಒಂದೇ ಒಂದು ತಪ್ಪಿಲ್ಲ. ಸೋದರತ್ತೆಯರು ಚಪ್ಪಾಳೆ ತಟ್ಟಿದರು. ಭಟ್ಟರು ಪಂಚಾಂಗ ಬಿಚ್ಚಿದರು. ಭಾವ ಎದ್ದು ನಿಂತು ದೇವರು ಹೆಗಡೆಯವರ ಹೆಸರನ್ನೂ ತನ್ನ ಹೆಸರನ್ನೂ ಒತ್ತಿದ.

ನಮ್ಮ ಕಡೆ ಮೊಮ್ಮಗನಿಗೆ ಅಜ್ಜನ ಹೆಸರು ಇಡುತ್ತಾರೆ. ವೆಂಕಟ್ರಮಣನ ತಂದೆ ಅನಂತ, ಅನಂತನ ತಂದೆ ವೆಂಕಟ್ರಮಣ, ಅವನ ತಂದೆ ಮತ್ತೆ ಅನಂತ. ಮನುಷ್ಯರಿಗೆ ಇದರಿಂದ ತೊಂದರೆಯಿಲ್ಲ. ಕಂಪ್ಯೂಟರ್ ಮಾತ್ರ ವೆಂಕಟ್ರಮಣನಿಂದ ಹೊರಟು, ಅನಂತನನ್ನು ಹಾದು, ವೆಂಕಟ್ರಮಣನನ್ನು ಮುಟ್ಟಿ, ಓಹೋ ಇವನು ಅವನೇ ಎಂದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿತು. ವೆಂಕಟ್ರಮಣ, ಅನಂತ, ವೆಂಕಟ್ರಮಣ, ಅನಂತ ಎಂದು ಪರದೆ ಮೇಲಿಂದ ಕೆಳಕ್ಕೆ ನಿಲ್ಲದೆ ಓಡಿತು. ಅದರ ಪ್ರಕಾರ ನನ್ನ ಭಾವ ತನಗೆ ತಾನೇ ಅಜ್ಜ. ಅಷ್ಟೇ ಅಲ್ಲ, ತನಗೆ ತಾನೇ ಮೊಮ್ಮಗ.

"ಎಷ್ಟು ದೊಡ್ಡ ವಂಶ!" ಎಂದಳು ದೊಡ್ಡ ಸೋದರತ್ತೆ.

"ಇದು ಎಲ್ಲಿಗೆ ನಿಲ್ತು?" ಎಂದು ಭಟ್ಟರು ಕೇಳಿದರು.

"ನಿಲ್ಲಲ್ಲ" ಎಂದು ನಮಿತಾ ಎರಡು ಗುಂಡಿ ಒಟ್ಟಿಗೆ ಒತ್ತಿ ನಿಲ್ಲಿಸಿದಳು. "ಹೆಸರಿಗೆ ನಂಬರ್ ಹಾಕಲೇಬೇಕು ಸರ್. ಒಟ್ಟು ಎಷ್ಟು ಜನ ವೆಂಕಟ್ರಮಣ ಇದ್ರು ಹೇಳಿ, ನಾನೇ ಹಾಕಿಕೊಡ್ತೀನಿ."

"ಮೂವರು" ಎಂದ ಅಣ್ಣ.

"ನಾಲ್ವರು" ಎಂದ ತಮ್ಮ.

ಮೂವರಾದರೆ ಏಳು ತಲೆಮಾರು. ನಾಲ್ವರಾದರೆ ಎಂಟು. ಗೊತ್ತಾಗಬೇಕಾಗಿದ್ದದ್ದೂ ಅದೇ, ಗೊತ್ತಿಲ್ಲದಿದ್ದದ್ದೂ ಅದೇ. ತಪ್ಪುಗಳನ್ನೆಲ್ಲ ಸರಿಪಡಿಸಿಕೊಂಡು, ಹೆಡರ್ ಫೈಲುಗಳನ್ನೆಲ್ಲ ಸೇರಿಸಿಕೊಂಡು, ಯಂತ್ರ ನಮ್ಮ ಪ್ರಶ್ನೆಯನ್ನು ನಮಗೇ ವಾಪಸು ಕೊಟ್ಟಿತು. ಭಾವ ಬೆರಳು ಮಡಚಿ ಎರಡು ಸಲ ಎಣಿಸಿದ, ಎರಡು ಸಲವೂ ಬೇರೆ ಬೇರೆ ಲೆಕ್ಕ ಬಂತು. ಅವನನ್ನು ಹಾಗೆ ನೋಡಿ ನನಗೆ ಸಂಕಟವಾಯಿತು.

"ನಿಲ್ಕುಂದದವ್ರ ಹತ್ರ ಕೇಳಿದ್ರೆ ಗೊತ್ತಾಗ್ತಿತ್ತು" ಎಂದ ಅನಂತಮೂರ್ತಿ, ಪರದೆಯನ್ನೇ ನೋಡುತ್ತ.

ಆ ಮನೆಯ ಫೋನು ಎಷ್ಟು ಸಲ ಹಚ್ಚಿದರೂ ಎಂಗೇಜ್ ಇತ್ತು, ಹಾಗಾಗಿ ಬುಧವಾರ ಬೆಳಗಿನ ಬಸ್ಸಿಗೆ ಮೂವರೂ ಹೋದೆವು. ಅಣ್ಣ ಮುಂದಿನ ಸೀಟಿನಲ್ಲಿ, ತಮ್ಮ ಹಿಂದಿನ ಸೀಟಿನಲ್ಲಿ, ಮಧ್ಯದಲ್ಲಿ ನಾನು. ನಿಲ್ಕುಂದದಲ್ಲಿ ಇಳಿದವರಿಗೆ ಕಂಡಕ್ಟರು, ಇದೇ ಬಸ್ಸು ಸ್ವಲ್ಪ ಹೊತ್ತಿನಲ್ಲಿ ತಿರುಗಿ ಬರುತ್ತದೆ, ಅದು ತಪ್ಪಿದರೆ ಮಧ್ಯಾಹ್ನದವರೆಗೆ ಬೇರೆ ಇಲ್ಲ ಎಂದ. ಭಾವ ಆ ಮನೆಯ ಮುಂದಿನ ಬೇಲಿಯ ದಣಪೆ ದಾಟುವಾಗಲೇ ಗಡಿಯಾರ ನೋಡಿಕೊಂಡ.

ಮನೆಯಲ್ಲಿ ಗಲಾಟೆಯಿರಲಿಲ್ಲ. ಜಗುಲಿಯ ಕಂಬಕ್ಕೆ ಒರಗಿ ದೇವರು ಹೆಗಡೆಯವರ ಹೆಂಡತಿ ಸೀತಮ್ಮ ಕುಳಿತಿದ್ದರು. ಪಕ್ಕದಲ್ಲಿ ಮಗಳು. ನಮ್ಮನ್ನು ನೋಡಿ ಮಗಳು ನೀರು ಬೆಲ್ಲ ತರಲು ಎದ್ದಳು. ಕೂತುಕೊಳ್ಳಿ ಎನ್ನುವುದಕ್ಕೂ ಸಮಯ ಕೊಡದೆ ಭಾವ ಅಂಗಳದಿಂದಲೇ ಕೇಳಿದ:

"ದೊಡ್ಡಾಯಿ, ಆನು ಶಿರಸಿ ವೆಂಕಟ್ರಮಣ. ದೊಡ್ಡಪ್ಪ ಯಂಗಕ್ಕೆ ಏಳನೇ ತಲೆಮಾರಾ, ಎಂಟನೇದಾ?"

ಸೀತಮ್ಮ ಅವನನ್ನು ಒಂದು ಗಳಿಗೆ ನೋಡಿದರು.

"ಏಳೂ ಅಲ್ದ, ಎಂಟೂ ಅಲ್ದ. ಅವು ನಿಂಗ್ಳ ಕುಟುಂಬದಲ್ಲಿ ಹುಟ್ಟಿದ್ದು ಹೌದು. ಸಣ್ಣಿದ್ದಾಗ್ಲೇ ಈ ಮನೆಗೆ ದತ್ತು ಬಂದ. ಗೋತ್ರನೇ ಬೇರೆ. ನಿಂಗಕ್ಕೆ ಸೂತಕ ತಾಗ್ತಿಲ್ಲೆ. ಒಂದು ಸಲ ಮಿಂದ್ರೆ ಮುಗತ್ತು."

ಅನಂತಮೂರ್ತಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಯಾವ ಮುದುಕನೂ ಅವನಿಗೆ ಇದನ್ನು ಹೇಳಿರಲಿಲ್ಲ, ಅವನು ಕೇಳಿಯೂ ಇರಲಿಲ್ಲ. ಗೋತ್ರ ಕೇಳಬೇಕೆಂದು ಭಟ್ಟರಿಗೂ ಹೊಳೆದಿರಲಿಲ್ಲ. ಭಾವನ ಮುಖ ಅರಳಿತು. ಅಲ್ಲಿದ್ದ ಫೋನಿಗೆ ಹಾರಿ, ತನ್ನ ಮನೆಗೆ ಹಚ್ಚಿ, ಅಲ್ಲಿ ಕಾಯುತ್ತಿದ್ದ ಭಟ್ಟರಿಗೆ ವಿಷಯ ಹೇಳಿ, ನಾಂದಿಗೆ ಅಣಿಮಾಡಿ ಎಂದ. ಬೀಗರಿಗೂ ನೀವೇ ತಿಳಿಸಿ ಎಂದ. ಆ ಕಡೆ ಗಗನಾ ನಗುವುದು ನನಗೂ ಕೇಳಿಸಿತು. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರನ್.

"ಬತ್ಯ ದೊಡ್ಡಾಯಿ, ಬಸ್ಸು ಬಂತು. ತಮಾ ಏಳು, ಭಾವ ನಡಿ!" ಎಂದು ಭಾವ ಚಪ್ಪಲಿ ಮೆಟ್ಟಿದ.

"ಹೋಗ್ಬನ್ನಿ" ಎಂದರು ಸೀತಮ್ಮ. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. "ಶುಕ್ರವಾರದಿಂದ ಫೋನು ಬಂದಿದ್ದೇ ಬಂದಿದ್ದು. ಎಲ್ಲರೂ ಎಷ್ಟನೇ ತಲೆಮಾರು ಹೇಳಿ ಕೇಳ್ದ. ಅವಕ್ಕೆ ಎಂತಾಗಿತ್ತು ಹೇಳಿ ಒಬ್ರೂ ಕೇಳಿದ್ವಿಲ್ಲೆ."

ಬಸ್ಸು ದಣಪೆಯ ಹತ್ತಿರ ಬಂದು ನಿಂತು ಇನ್ನೊಮ್ಮೆ ಹಾರನ್ ಹೊಡೆಯಿತು. ಭಾವ ಅಂಗಳದ ಮಧ್ಯದಲ್ಲಿ ನಿಂತಿದ್ದ. ಬಸ್ಸಿನ ಕಡೆ ನೋಡಿದ, ತಮ್ಮನ ಕಡೆ ನೋಡಿದ. ಕಂಡಕ್ಟರು ಕಾದು, ಸೀಟಿ ಊದಿದ. ಬಸ್ಸು ಹೊರಟಿತು.

ಭಾವ ಚಪ್ಪಲಿ ಕಳಚಿಟ್ಟು ಬಂದು, ಮೆಟ್ಟಿಲ ಮೇಲೆ ತಮ್ಮನ ಪಕ್ಕದಲ್ಲಿ ಕೂತ.

"ಎಂತಾಗಿತ್ತು ದೊಡ್ಡಾಯಿ?" ಎಂದು ಕೇಳಿದ.

ಸೀತಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಲು ಶುರು ಮಾಡಿದರು. ಭಾವ ಮಧ್ಯೆ ಬಾಯಿ ಹಾಕಲಿಲ್ಲ.